ಎಡಗಡೆಯ ಹಿಂದಿನ ಚಕ್ರ

ಜಗದಾಂಬೆ,

ಈ ಸಲ ನಾನು ಓಡಿಹೋಗಿಲ್ಲ. ಹೊಸ ಬೋಲ್ಟು ಮಾಡಿಸಲು ಸಿರಾದ ಕರೀಮ್ ಸಾಬರ ಕುಲುಮೆಗೆ ಹೋಗಿದ್ದೇನೆ. ದಿನ ತುಂಬಿದ ನಿನ್ನ ತಂಗಿ ಬಸವಮ್ಮನನ್ನು ಮಧುಗಿರಿ ಆಸ್ಪತ್ರೆಗೆ ಕರೆದೊಯ್ಯಲು ನಿನ್ನ ತಮ್ಮ ರುದ್ರಯ್ಯ ಕಾರು ಕೇಳಿದರೆ, ದಮ್ಮಯ್ಯ, ಕೊಡಬೇಡ.

ಕಾರು ಪಕ್ಕಕ್ಕೆ ಎಳೆಯುತ್ತದೆಂದು ಮೂರು ವಾರ ಮುಂದಿನ ಚಕ್ರಗಳನ್ನೇ ದೂರಿದ ಮೂಢ ನಾನು. ನಿನ್ನೆ ಅಡಿಯಲ್ಲಿ ಮಲಗಿ ನೋಡಿದೆ: ಎಡಗಡೆಯ ಹಿಂದಿನ ಸ್ಪ್ರಿಂಗಿನ ಕಮಾನುಪಟ್ಟಿಗಳನ್ನು ಹಿಡಿದಿದ್ದ ಬೋಲ್ಟು ತುಂಡಾಗಿ, ಅಚ್ಚು ಹಿಂದಕ್ಕೆ ಸರಿದಿದೆ. ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಕಾರು ಹಳ್ಳಕ್ಕೆ ತಿರುಗುವುದು ನಿಶ್ಚಯ.

ಬೋಲ್ಟು ಮಾಡಿಸಿ ತರುತ್ತೇನೆ ಎಂದಾಗ, “ಏನ್ ಭಾವ, ಓಡೋಗಾಕೆ ಇನ್ನೊಂದು ನೆಪಾನಾ?” ಎಂದು ರುದ್ರಯ್ಯ ನಕ್ಕ; ನೀನೂ ನಕ್ಕೆ. ಎರಡು ಸಲ ಹೇಳದೆ ಹೊರಟುಹೋದವನ ಮಾತನ್ನು ಯಾರು ತಾನೇ ನಂಬುತ್ತಾರೆ? ಆದ್ದರಿಂದ ನೀನೇ ಅಳೆದು ನೋಡು. ಗೂಡಿನಲ್ಲಿ ನಾನು ಅಳತೆಗೆ ಕತ್ತರಿಸಿಟ್ಟಿರುವ ದಾರವನ್ನು ಬಲಗಡೆಯ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಹಿಡಿ; ಸರಿಯಾಗಿ ಮುಟ್ಟುತ್ತದೆ. ಎಡಗಡೆ ಅದೇ ದಾರ ಎರಡು ಬೆರಳು ಸಾಲದು.

ಬಸವಮ್ಮನನ್ನು ಮರುಳಸಿದ್ದಯ್ಯನ ಎತ್ತಿನ ಗಾಡಿಯಲ್ಲಿ, ದಪ್ಪನಾಗಿ ಹುಲ್ಲು ಹಾಸಿ, ಈಗಲೇ ಹೊರಡಿಸು.

ಕಾರನ್ನು ತಿರುಗಿಸಿ ಚಾಲೂ ಮಾಡುವ ಹ್ಯಾಂಡಲನ್ನು ನಾನೇ ಒಯ್ದಿದ್ದೇನೆ. ಆದರೂ ನಾಲ್ಕು ಜನ ತಳ್ಳಿದರೆ ಅದು ಹೊರಟುಬಿಡುತ್ತದೆ. ತಳ್ಳಲು ಬಂದರೆ, ನೀನು ಅದರ ಮುಂದೆ ನಿಂತುಕೊ.