ಸದ್ದಿಲ್ಲದೆ ಚಾಲೂ ಇದ್ದ ಗಾಡಿ

ಬೈಲಹೊಂಗಲ
9 ಮಾರ್ಚ್ 2026, ಸೋಮವಾರ

ಚಿರಂಜೀವಿ ಮಾಲಾಗೆ,

ನಿನ್ನ ಗುರುಬಸವ್ವ ಕಾಕು ಮಾಡುವ ಆಶೀರ್ವಾದ. ಈ ಕಡೆ ಎಲ್ಲರೂ ಕ್ಷೇಮ ಎಂದು ಬರೆದರೆ ಮೊದಲ ಸಾಲೇ ಸುಳ್ಳಾಗುತ್ತದೆ, ಅದಕ್ಕೇ ಬರೆಯುವುದಿಲ್ಲ. ನೀನು ನನ್ನ ಫೋನು ಎತ್ತುವುದಿಲ್ಲ. ಎತ್ತದಿದ್ದುದೇ ಒಳ್ಳೆಯದಾಯಿತು. ಫೋನಿನಲ್ಲಾದರೆ ನಾನು ಅಳುತ್ತಿದ್ದೆ, ನೀನು ಸಮಾಧಾನ ಹೇಳುತ್ತಿದ್ದಿ, ಹೇಳಬೇಕಾದ ಮಾತು ಅಲ್ಲೇ ಉಳಿಯುತ್ತಿತ್ತು. ಏಳನೇ ಇಯತ್ತೆ ಕಲಿತವಳ ಅಕ್ಷರ, ತಪ್ಪಿದ್ದರೆ ತಿದ್ದಿ ಓದಿಕೋ.

ನೀನು ನಮ್ಮ ಶೋರೂಮಿಗೆ ಬಂದ ಮೊದಲ ದಿನ ನೆನಪಾಗುತ್ತದೆ. ಇಷ್ಟು ವರ್ಷ ಪೆಟ್ರೋಲು, ಡೀಸೆಲ್ಲು ಎಂದು ಇಂಜಿನ್ನು ಮಾಡಿಕೊಂಡು ಬಂದ ಕಂಪನಿ, ಇನ್ನು ಮುಂದೆ ಕರೆಂಟಿನ ಗಾಡಿ, ಎರಡೂ ಕೂಡಿದ ಹೈಬ್ರಿಡ್ ಗಾಡಿ ಮಾಡುತ್ತೇವೆ ಎಂದು ಕಾಗದ ಕಳಿಸಿತ್ತು. ಜೋರು ಕರೆಂಟು ಹರಿಯುವ ಕಿತ್ತಳೆ ಬಣ್ಣದ ವಾಯರು ಮುಟ್ಟಬೇಕಾದರೆ ಸರ್ಟಿಫಿಕೇಟು ಬೇಕು, ಪ್ರತಿ ವರ್ಕ್‌ಶಾಪಿನಲ್ಲೂ ಅಂಥವರೊಬ್ಬರು ಇರಲೇಬೇಕು ಎಂದು ಅದರಲ್ಲಿತ್ತು. ಆ ಸರ್ಟಿಫಿಕೇಟು ಹಿಡಿದುಕೊಂಡು ನೀನು ಸಾಲಹಳ್ಳಿಯಿಂದ ಬಂದಿ. ನಮ್ಮ ಮನೆಯವರು ಇಪ್ಪತ್ತಾರು ವರ್ಷದಿಂದ ಅಲ್ಲಿಯ ಹೆಡ್ ಮಿಸ್ತ್ರಿ. ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ಗಾಡಿಯ ರೋಗ ಹೇಳುವ ಬಸಯ್ಯನೆಂದರೆ ಕಿತ್ತೂರಿನಿಂದ ಸವದತ್ತಿಯವರೆಗೆ ಗೊತ್ತಿತ್ತು. ಅಂಥವರಿಗೆ ಇಪ್ಪತ್ಮೂರರ ಹುಡುಗಿ ಪಾಠ ಹೇಳಬೇಕಾಯಿತು.

ಅವರು ಪಾಠಕ್ಕೆ ಕೂಡಲಿಲ್ಲ. ಬಾಗಿಲಲ್ಲಿ ನಿಂತು, "ಸದ್ದಿಲ್ಲದ ಗಾಡಿನೂ, ಮಾತಿಲ್ಲದ ಅಳಿಯನ್ನೂ ನಂಬಬಾರ್ದವಾ" ಅಂದರು. ಎಲ್ಲರೂ ನಕ್ಕರು. ನೀನೂ ನಕ್ಕು, "ಅಯ್ಯಾರ, ನಿಮ್ಮ ಕಿವಿಗೆ ಸ್ವಲ್ಪ ರಜಾ ಕೊಡ್ರಿ. ಈ ಗಾಡಿಗೆ ಕಣ್ಣ ಬೇಕ. ಸದ್ದ ಕೇಳಬ್ಯಾಡ್ರಿ, ಹಸರ ದೀಪ ನೋಡ್ರಿ. ದೀಪ ಹತ್ತಿದ್ರ ಗಾಡಿ ಚಾಲೂ ಐತಿ ಅಂತ ತಿಳೀರಿ" ಅಂದಿ. ಶೋರೂಮಿನ ಚಹಾ, ಪೂಜೆ ನೋಡಿಕೊಳ್ಳುವವಳು ನಾನು, ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ.

ಚಹಾ ಅಂದ ಮೇಲೆ ಒಂದು ಮಾತು. ಮೊದಲ ತಿಂಗಳು ನಿನ್ನ ಕಪ್ಪನ್ನು ನಾನು ಬೇರೆ ಇಟ್ಟಿದ್ದೆ. ನಿಮ್ಮ ಓಣಿ ಯಾವುದೆಂದು ಕೇಳಿ ತಿಳಿದುಕೊಂಡೇ ಇಟ್ಟಿದ್ದೆ. ದಿನಾ ಲಿಂಗಪೂಜೆ ಮಾಡುವವಳು, ವಚನ ಬಾಯಿಪಾಠ ಇದ್ದವಳು ಮಾಡಿದ ಕೆಲಸ ಅದು. ನೀನು ಕುಡಿದಾದ ಮೇಲೆ ತೊಳೆದು, ಉಳಿದ ಕಪ್ಪುಗಳ ನಡುವೆ ಇಟ್ಟು ಹೋಗುತ್ತಿದ್ದಿ. ಯಾವುದು ನಿನ್ನದೆಂದು ನನಗೇ ತಿಳಿಯದ ಹಾಗಾಯಿತು. ಆಮೇಲೆ ನೀನು ನನ್ನನ್ನು ಕಾಕು ಎಂದು ಕರೆದಿ. ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯ ರೊಟ್ಟಿ ತಿಂದೆವು. ಅದು ಮುಗಿದುಹೋದ ಮಾತೆಂದು ನಾನು ತಿಳಿದಿದ್ದೆ. ಮುಗಿದಿರಲಿಲ್ಲ.

ಇನ್ನು ದಸರೆಯ ಖಂಡೇ ಪೂಜೆಯ ದಿನದ ಮಾತು. ಪಾನಾ, ಸ್ಕ್ರೂಡ್ರೈವರು, ಜಾಕು, ಎಲ್ಲ ಗಾಡಿಗಳ ಕೀಲಿ, ಎಲ್ಲವನ್ನೂ ದೇವರ ಮುಂದೆ ಇಡುವುದು ನಮ್ಮ ಪದ್ಧತಿ. ಹೊಸ ಹೈಬ್ರಿಡ್ ಗಾಡಿಯ ಕೀಲಿ ಮಾತ್ರ ನಿನ್ನ ಡ್ರಾದಲ್ಲಿ ಬೀಗದೊಳಗಿತ್ತು. ಅದು ಯಾರ ಕೈಗೂ ಹೋಗಬಾರದು ಎಂದು ಕಂಪನಿಯ ನಿಯಮ. ನಾನೇ ಬಂದು ಕೇಳಿದೆ. "ಒಂದ ತಾಸ ಕೊಡವಾ. ಎಲ್ಲಾ ಕೀಲಿ ದೇವರ ಮುಂದ ಅದಾವು, ಇದೊಂದ ಪರದೇಶಿ ಹಂಗ ಒಳಗ ಇರೂದು ಸರಿ ಅಲ್ಲ" ಅಂದೆ. ನೀನು ಡ್ರಾದ ಬೀಗ ತೆಗೆದು ಕೊಟ್ಟಿ.

ಪೂಜೆಯ ಕ್ರಮ ನಿನಗೆ ಗೊತ್ತು. ಹತ್ತು ವರ್ಷದಿಂದ ಆ ಶೋರೂಮಿನಿಂದ ಹೊರಬಿದ್ದ ಪ್ರತಿ ಹೊಸ ಗಾಡಿಗೂ ಕುಂಕುಮ ಹಚ್ಚಿದ್ದು ಈ ಕೈ. ಆರತಿ ಎತ್ತುವಾಗ ಗಾಡಿ ಚಾಲೂ ಇರಬೇಕು. ಬಂದ್ ಆದ ಗಾಡಿಗೆ ಆರತಿ ಎತ್ತಿದರೆ ಮಲಗಿದವರಿಗೆ ಎತ್ತಿದ ಹಾಗೆ ಎಂದು ನಮ್ಮತ್ತೆ ಹೇಳುತ್ತಿದ್ದಳು. ಉಳಿದ ಗಾಡಿಗಳನ್ನು ಹುಡುಗರು ಚಾಲೂ ಮಾಡಿಕೊಟ್ಟರು. ಹೊಸದರ ಹತ್ತಿರ ಬಂದಾಗ ನೀನಿರಲಿಲ್ಲ, ಗಿರಾಕಿಯೊಬ್ಬರ ಜೊತೆ ಹೊರಗೆ ಹೋಗಿದ್ದಿ. ನಾನು ಕೀಲಿ ಇದ್ದ ಆರತಿ ತಟ್ಟೆಯನ್ನು ಪಕ್ಕದ ಸೀಟಿನ ಮೇಲಿಟ್ಟು, ಕುಂತು, ನೀನು ಮಾಡುವುದನ್ನು ನೋಡಿದ ಹಾಗೆಯೇ ಬ್ರೇಕು ತುಳಿದು ಗುಂಡಿ ಒತ್ತಿದೆ.

ಒತ್ತಿದವಳು ನಾನು, ಮಾಲಾ.

ಸದ್ದೇ ಬರಲಿಲ್ಲ. ಚಾಲೂ ಆಗಿಲ್ಲ ಎಂದು ತಿಳಿದು, ಹಾಗೆಯೇ ಆರತಿ ಎತ್ತಿ ಪ್ರಸಾದ ಹಂಚಲು ಒಳಗೆ ಹೋದೆ. ಬಾನೆಟ್ಟು ತೆರೆದೇ ಇತ್ತು, ಒಳಗೆ ಇಂಜಿನ್ನಿಗೂ ನಾನು ಚೆಂಡುಹೂವು ಏರಿಸಿದ್ದೆ. ಅದರಲ್ಲೊಂದು ಜಾರಿ ಫ್ಯಾನಿನ ಸಂದಿಯಲ್ಲಿ ಬಿದ್ದಿತ್ತು. ನಮ್ಮ ಮನೆಯವರು ಅದನ್ನು ಕಂಡರು. ಅವರು ದಡ್ಡರಲ್ಲ. ಮೊದಲು ಸ್ಕ್ರೂಡ್ರೈವರು ಹಚ್ಚಿ ಕಿವಿಗೊಟ್ಟು ಕೇಳಿದರಂತೆ. ಒಂದಿಷ್ಟೂ ಸದ್ದಿಲ್ಲ. "ಬಂದ್ ಐತಿ" ಎಂದು ಪಕ್ಕದವರಿಗೆ ಹೇಳಿ ಕೈ ಹಾಕಿದರು. ಆಗಲೇ, ಕರೆಂಟಿನ ಮೇಲೆ ಸದ್ದಿಲ್ಲದೆ ಚಾಲೂ ಇದ್ದ ಗಾಡಿಯ ಇಂಜಿನ್ನು ತಾನಾಗಿ ಎದ್ದು ಫ್ಯಾನು ತಿರುಗಿತು. ಬಲಗೈಯ ಎರಡು ಬೆರಳು ಹೋದವು.

ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಗಾಡಿ ಚಾಲೂ ಬಿಟ್ಟವಳು ನೀನೇ ಅಲ್ಲವೇ ಎಂದು ಮ್ಯಾನೇಜರ್ ಸುಭಾಸ ಸಾಹೇಬರು ನಿನ್ನನ್ನು ಹತ್ತು ಸಲ ಕೇಳಿದರು. ಕೀಲಿಯನ್ನು ಪೂಜೆಗೆ ಕೊಟ್ಟಿದ್ದೆ, ಗಾಡಿ ಬಂದ್ ಇತ್ತು ಎಂದು ಹತ್ತು ಸಲವೂ ಅದನ್ನೇ ಹೇಳಿದಿ. ನನ್ನನ್ನು ಒಂದೇ ಸಲ ಕೇಳಿದರು, ಅದೂ ಕುರ್ಚಿ ಹಾಕಿ ಕೂಡಿಸಿ. "ನಾ ಯಾಕ್ರಿ ಗಾಡಿ ಚಾಲೂ ಮಾಡ್ಲಿ? ಕುಂಕುಮ ಹಚ್ಚೇನಷ್ಟ" ಅಂದೆ. ಹಣೆಯ ವಿಭೂತಿ ನೋಡಿ ಅಷ್ಟಕ್ಕೇ ಬಿಟ್ಟರು. ನೀನು ಸುಳ್ಳು ಹೇಳುತ್ತಿ ಎಂದು ನಂಬುವುದಕ್ಕೆ ಅಲ್ಲಿ ಯಾರಿಗೂ ಕಷ್ಟವಾಗಲಿಲ್ಲ. ನಾನು ಬೇರೆ ಇಟ್ಟ ಕಪ್ಪು ಅವತ್ತು ಮತ್ತೆ ಎಲ್ಲರ ಕಣ್ಣಿಗೂ ಬಿತ್ತು, ಮಗಳೇ.

ನಿನ್ನನ್ನು ಕೆಲಸದಿಂದ ತೆಗೆದರು. ಹೊರಡುವಾಗ ನನ್ನ ಕಡೆ ನೋಡಿದಿ. ನಾನು ದೇವರ ಜಗಲಿ ಒರೆಸುತ್ತಿದ್ದೆ. ಒರೆಸಿದ್ದನ್ನೇ ಒರೆಸುತ್ತಿದ್ದೆ.

ಐದು ತಿಂಗಳು ಸುಮ್ಮನಿದ್ದೆ. ಗಂಡನ ಕೈ ಹೋಯಿತು, ಹೆಂಡತಿಯೇ ಕಾರಣ ಎಂದು ಗೊತ್ತಾದರೆ ಮನೆ ಉಳಿಯುವುದೇ ಎಂದು ನನಗೆ ನಾನೇ ನೆವ ಹೇಳಿಕೊಂಡೆ. ಪ್ರತಿ ಅಮಾವಾಸ್ಯೆಗೆ ಸೊಗಲ ಸೋಮೇಶ್ವರನಿಗೆ ಹೋಗಿ ಕಣ್ಣು ಮುಚ್ಚಿ ನಿಂತೆ. ನಿನಗೆ ಒಳ್ಳೆಯ ಕೆಲಸ ಸಿಗಲಿ ಎಂದು ಬೇಡಿಕೊಂಡೆ. ನಾನು ಮಾಡಬೇಕಾದ ಕೆಲಸವನ್ನು ದೇವರಿಗೆ ಹೇಳುತ್ತಿದ್ದೆ.

ಹೋದ ವಾರ ಎರಡು ಸಂಗತಿ ನಡೆದವು. ನಮ್ಮ ಮನೆಯವರು ಮೂರು ಬೆರಳಿನ ಕೈ ಇಟ್ಟುಕೊಂಡು, ಹಟ ಬಿಟ್ಟು, ಕಂಪನಿಯ ಪಾಠಕ್ಕೆ ಹುಬ್ಬಳ್ಳಿಗೆ ಹೋಗಿಬಂದರು. ಊಟಕ್ಕೆ ಕೂತಾಗ, "ಆ ಹುಡುಗಿ ಹೇಳಿದ್ದ ಮಾತಽ ಅಲ್ಲೂ ಹೇಳಿದ್ರು. ಇಷ್ಟ ತಿಳದಾಕಿ ಗಾಡಿ ಚಾಲೂ ಬಿಟ್ಟ ಹೋಗಾಕಿ ಅಲ್ಲ" ಅಂದು ತುತ್ತು ಹಿಡಿದೇ ಕೂತರು. ನಾನು ಸಾರು ತರುವ ನೆಪದಿಂದ ಎದ್ದೆ. ಮರುದಿನ ಸವದತ್ತಿಯ ಇನ್ನೊಂದು ವರ್ಕ್‌ಶಾಪಿನವರು ನಿನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಸಾಹೇಬರಿಗೆ ಫೋನು ಮಾಡಿ ವಿಚಾರಿಸಿದರು. ನಾನು ಚಹಾ ಇಡುತ್ತಿದ್ದೆ. "ಶಾಣ್ಯಾಕಿ ಅದಾಳ ಖರೆ, ಆದ್ರ ಒಬ್ಬ ಮಿಸ್ತ್ರಿ ಕೈ ತಗದಾಳ ನೋಡ್ರಿ" ಎಂದು ಸಾಹೇಬರು ಹೇಳಿದ್ದು ಕೇಳಿಸಿತು. ಆಗಲೂ ನಾನು ಬಾಯಿ ಬಿಡಲಿಲ್ಲ. ಕಪ್ಪು ಎತ್ತಿಕೊಂಡು ಹೊರಗೆ ಬಂದೆ.

ಮನೆಗೆ ಬಂದು ನಮ್ಮ ಮನೆಯವರ ಮುಂದೆ ಕೂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಆ ಕೈಯನ್ನು ನನ್ನ ಮುಂದೆ ಹಿಡಿದರು. "ಬೆರಳ ಹೋಗಿದ್ದು ನನ್ನ ಹಟದ್ಲೆ. ಅಕಿ ಹೆಸರು ಹೋಗಿದ್ದು ನಿನ್ನ ಬಾಯ್ಲೆ. ನಂದಂತೂ ತಿರಗಿ ಬರೂದಿಲ್ಲ" ಅಂದರು. ಅಷ್ಟೇ. ಆಮೇಲೆ ಹೊರಗಿನ ಕಟ್ಟೆಗೆ ಹೋಗಿ ಕೂತರು.

ಶನಿವಾರ ಸಾಹೇಬರಿಗೂ ಹೇಳಿದೆ. ಮುಗಿದದ್ದನ್ನು ಯಾಕೆ ಕೆದಕುತ್ತೀರಿ, ಕಂಪನಿಗೆ ವರದಿ ಹೋಗಿಯಾಗಿದೆ, ನಿಮ್ಮ ಕೆಲಸಕ್ಕೂ ಕಷ್ಟ ಎಂದು ನನ್ನನ್ನು ಹೊರಗೆ ಕಳಿಸಿದರು. ಇನ್ನು ನಾನು ಅಲ್ಲಿ ಆರತಿ ಎತ್ತುವುದಿಲ್ಲ, ಬಿಟ್ಟು ಬಂದಿದ್ದೇನೆ. ನಡೆದದ್ದನ್ನು ಕಂಪನಿಯ ದೊಡ್ಡ ಆಫೀಸಿನ ಹೆಸರಿಗೆ ಒಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ, ಈ ಲಕೋಟೆಯಲ್ಲಿಯೇ ಇಟ್ಟಿದ್ದೇನೆ. ನಮ್ಮ ಮನೆಯವರು ಎಡಗೈಯಿಂದ ಸಾಕ್ಷಿ ಸಹಿ ಹಾಕಿದ್ದಾರೆ. ಅಕ್ಷರ ಸೊಟ್ಟಗಿವೆ, ಆದರೆ ಅವರವೇ. ಅದನ್ನು ಕಂಪನಿಗೆ ಕಳಿಸು, ಸವದತ್ತಿಯವರಿಗೂ ತೋರಿಸು.

ರಾಮದುರ್ಗದಲ್ಲಿ ಯಾವುದೋ ಅಂಗಡಿಯಲ್ಲಿ ಫಾರ್ಮು ತುಂಬುವ ಕೆಲಸ ಮಾಡುತ್ತಿ ಎಂದು ಕೇಳಿದೆ. ಗಾಡಿಯ ಹೊಟ್ಟೆಯೊಳಗಿನ ಕಿತ್ತಳೆ ವಾಯರನ್ನು ನನ್ನಂಥವಳಿಗೂ ತಿಳಿಯುವಂತೆ ಬಿಡಿಸಿ ಹೇಳುತ್ತಿದ್ದವಳು ನೀನು. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿದರೆ ಮತ್ತೆ ನಿನ್ನ ಹತ್ತಿರವೇ ಏನೋ ಬೇಡಿದ ಹಾಗಾಗುತ್ತದೆ. ನಿಮ್ಮವ್ವ ರಾಯವ್ವನಿಗೆ ಈ ಕಾಗದ ಓದಿ ಹೇಳು. ಮಗಳ ಮೇಲೆ ಅವಳಿಗೂ ಎಲ್ಲೋ ಒಂದು ಸಂಶಯ ಉಳಿದಿದ್ದರೆ ಅದು ಇವತ್ತೇ ಹೋಗಲಿ.

ನಿನ್ನಿಂದ ಕಾಕು ಎಂದು ಕರೆಸಿಕೊಂಡಿದ್ದ,
ಗುರುಬಸವ್ವ

ತಾ.ಕ.: ಲಕೋಟೆ ಅಂಟಿಸಲು ಕೂತೆ, ಕೈ ಏಳಲಿಲ್ಲ. ಸದ್ದು ಬರಲಿಲ್ಲ, ಚಾಲೂ ಆಗಿಲ್ಲ ಎಂದು ತಿಳಿದೆ ಅಂತ ಮೇಲೆ ಬರೆದಿದ್ದೇನೆ. ನಮ್ಮ ಮನೆಯವರಿಗೂ, ಸಾಹೇಬರಿಗೂ ಹಾಗೆಯೇ ಹೇಳಿದ್ದೇನೆ. ಅದು ಸುಳ್ಳು. ಹಸಿರು ದೀಪ ನನಗೆ ಕಂಡಿತ್ತು. ನೀನು ಹೇಳಿದ್ದು ನೆನಪಿತ್ತು, ಚಾಲೂ ಆಯಿತು ಎಂದು ಖುಷಿಯಿಂದಲೇ ಆರತಿ ಎತ್ತಿದೆ. ಆದ ಮೇಲೆ ಬಂದ್ ಮಾಡಲು ಗುಂಡಿಯ ಮೇಲೆ ಬೆರಳನ್ನೂ ಇಟ್ಟಿದ್ದೆ. ಒತ್ತಿದರೆ ಆ ಹಸಿರು ದೀಪವೂ ಆರುತ್ತದೆ, ಪೂಜೆಯ ದೀಪವನ್ನು ಕೈಯಾರೆ ಆರಿಸಬಾರದು ಎಂದು ಬೆರಳು ಹಿಂದೆ ತೆಗೆದೆ. ಆ ಹಾಳೆಯಲ್ಲಿ ನನ್ನ ಸಹಿಯ ಮೇಲೆ ಎರಡು ಸಾಲು ಖಾಲಿ ಬಿಟ್ಟಿದ್ದೇನೆ. ಇದನ್ನು ಅಲ್ಲಿ ನೀನೇ ಬರೆ.