ನಿನ್ನ ಹಿಂದಿದ್ದ ನೀರು

ಅಪ್ಪಾ,

ನಮ್ಮ ಕೆರೆಗೆ ನೀರು ತರುವ ಕಾಲುವೆಗೆ ಮಣ್ಣು ಸುರಿಯುತ್ತಿದ್ದಾರೆ. ಅದರ ಫೋಟೋಗಳನ್ನು ಬೆಳಿಗ್ಗೆ ಹಾಲಿನ ಡೈರಿ ಗೋಡೆಗೆ ಅಂಟಿಸಿ, ಇದನ್ನು ನಿಲ್ಲಿಸಲು ಕೊಡುವ ಅರ್ಜಿಗೆ ಸಹಿ ಹಾಕಿ ಎಂದು ಎಲ್ಲರನ್ನೂ ಬೇಡಿಕೊಂಡೆ.

ಹಾಲು ಅಳೆಯುವ ಕದಿರೇಶ್ ನಕ್ಕ. “ಇದ್ರಲ್ಲಿ ನೀರು ಹರಿದಿದ್ದು ನಾನಂತೂ ನೋಡಿಲ್ಲಕ್ಕ. ಹಳೇ ಫೋಟೋ ಇದ್ರೆ ತೋರ್ಸು, ಹಾಕ್ತೀನಿ.” ಉಳಿದವರೂ ಪೆನ್ನು ಮುಟ್ಟಲಿಲ್ಲ.

ಇತ್ತಲ್ಲಪ್ಪ! ಅದೇ ಕಾಲುವೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನೀನು ನಗುತ್ತಾ ನಿಂತಿದ್ದ ಫೋಟೋ. ನಿನ್ನ ತಿಥಿಗೆ ಹಾರ ಹಾಕಲೆಂದು ಶ್ರೀನಿವಾಸಪುರದ ಸ್ಟುಡಿಯೋದಲ್ಲಿ ಮುಖ ದೊಡ್ಡದು ಮಾಡಿಸಿದವಳು ನಾನೇ. “ಹಿಂದಿನ ಕೆಸರು ನೀರು ಚೆನ್ನಾಗಿಲ್ಲ, ತೆಗೆದುಬಿಡಿ” ಎಂದವಳೂ ನಾನೇ. ಮೂಲ ಫೋಟೋ ವಾಪಸ್ ಕೇಳಲೂ ಇಲ್ಲ. ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷವಾಯಿತು.

ನಾಳೆ ಜೆಸಿಬಿ ಮತ್ತೆ ಬರುತ್ತದೆ. ಮನೆಯ ಗೋಡೆಯಿಂದ ನಿನ್ನನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ. ನಿನ್ನ ಹಿಂದೆ ಬರೀ ನೀಲಿ ಬಣ್ಣವಿದೆ.