ಬಾಗಿಲು ಕಾದವನ ಕರುಳು

ಮೆಟ್ಟಿಲ ಪಕ್ಕದ ಕೋಣೆ, ಮನೆ
ಮಾರ್ಚ್ ಹನ್ನೆರಡು, ಗುರುವಾರ

ನನ್ನ ಕರುಳಿನ ಕುಡಿಯೇ,

ಪ್ರಮಾಣ ಮಾಡಿ ಒಪ್ಪಿಕೊಳ್ಳುತ್ತೇನೆ: ಇಂದು ಬೆಳಿಗ್ಗೆ, ನಿನ್ನಮ್ಮ ಸ್ನಾನಕ್ಕೆ ಹೋದ ಸಮಯ ನೋಡಿ, ನಿಷೇಧಿತ ಬ್ರೆಡ್ಡಿನ ಎರಡು ತುಂಡು ಕದ್ದೆ. ಸಾಕ್ಷಿಯನ್ನೂ ಅಲ್ಲೇ ನುಂಗಿದೆ. ನೀನು ಹೇಗಿದ್ದೀಯ ಮಗಳೇ? ಆಸ್ಪತ್ರೆಯ ಪಾಳಿಗಳ ನಡುವೆ ನಿದ್ದೆ ಮಾಡುತ್ತೀಯೋ, ಇಲ್ಲ ರೋಗಿಗಳಿಗಷ್ಟೇ ಮಲಗಿ ಎನ್ನುತ್ತೀಯೋ?

ನಾನು ಸೋರುತ್ತಿದ್ದೇನಂತೆ! ಸುಸ್ತು ಎಂದು ಇಲ್ಲಿನ ಆಸ್ಪತ್ರೆಗೆ ಹೋದವನಿಗೆ ರಕ್ತ ಕಡಿಮೆ ಎಂದರು. ಆಮೇಲೆ ಎರಡು ಬಗೆಯ ಸಕ್ಕರೆ ಕದಡಿದ ನೀರು ಕುಡಿಸಿ, ಆರು ಗಂಟೆ ಕಾಲ ನನ್ನ ಮೂತ್ರವನ್ನೆಲ್ಲ ಕ್ಯಾನಿನಲ್ಲಿ ಹಿಡಿಸಿದರು. ಸಣ್ಣ ಸಕ್ಕರೆಗೆ ಕರುಳಿನ ಗೋಡೆ ದಾಟಲು ಪರವಾನಗಿ ಇದೆಯಂತೆ, ದಪ್ಪ ಸಕ್ಕರೆಗೆ ಇಲ್ಲ. ನನ್ನಲ್ಲಿ ಆ ದಪ್ಪನೂ ಕೈಬೀಸಿಕೊಂಡು ದಾಟಿ ಕ್ಯಾನಿನಲ್ಲಿ ಕೂತಿದ್ದ. “ಒಳಪದರದ ಸಂದುಗಳು ಸಡಿಲವಾಗಿವೆ ಯಜಮಾನ್ರೇ. ಬೇಕಾದ್ದನ್ನ ಬಿಟ್ಟು ಬೇಡದ್ದನ್ನ ತಡೀಬೇಕಾದ ಬಾಗಿಲು, ಎಲ್ಲರನ್ನೂ ಬಿಡ್ತಿದೆ” ಎಂದರು ಡಾಕ್ಟರು.

ಯಾರಿಗೆ ಹೇಳುತ್ತಿದ್ದಾರೆ? ಕಾಲೇಜು ಗ್ರಂಥಾಲಯದ ಬಾಗಿಲಲ್ಲಿ ಮೂವತ್ತೊಂದು ವರ್ಷ ನಿಂತು ಮಂಡಿ ಸವೆಸಿದವನಿಗೆ! ಪ್ರಾಂಶುಪಾಲರ ಭಾವಮೈದುನ ಬೇರೆಯವರ ಗುರುತುಚೀಟಿ ಹಿಡಿದು ಬಂದಾಗ, ಅಂಗಳಕ್ಕೆಲ್ಲ ಕೇಳುವಂತೆ ಜಾಡಿಸಿದವನು ನಾನು. ನನ್ನ ಕಣ್ತಪ್ಪಿಸಿ ಒಂದು ಇರುವೆ ಒಳಗೆ ಹೋಗಿಲ್ಲ. ಇನ್ನು ನಿನ್ನಮ್ಮ ಅಪರಾಧಿಯನ್ನು ಆಗಲೇ ಹಿಡಿದಿದ್ದಾಳೆ: ಬ್ರೆಡ್ಡು. ಡಾಕ್ಟರು ಬ್ರೆಡ್ಡಿನ ಮಾತೇ ಎತ್ತಿಲ್ಲ ಕಣೇ ಎಂದರೆ, “ಅವರೇನು ನಿಮ್ಮ ಜೊತೆ ಸಂಸಾರ ಮಾಡಿದ್ದಾರಾ?” ಅಂತಾಳೆ. ನಿವೃತ್ತಿಯ ವರ್ಷ ಗ್ರಂಥಾಲಯದವರು ನನ್ನನ್ನು ನಂಬದೆ ತಲೆಯ ಮೇಲೆ ಕ್ಯಾಮೆರಾ ಹಾಕಿದರು, ನೆನಪಿದೆಯಾ? ಸೋಮವಾರ ಡಾಕ್ಟರು ಹೊಟ್ಟೆಯೊಳಗೇ ಇಳಿಸುತ್ತಾರಂತೆ. ಅವಮಾನಕ್ಕೂ ಒಂದು ಮಿತಿ ಬೇಡವೇ?

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಸಂದುಗೊಂದುಗಳೆಲ್ಲ ಗಟ್ಟಿಯಾಗಿರಲಿ ಎಂದು ಹರಸುವ,
ಅಪ್ಪ

ಮರೆತಿದ್ದೆ: “ಮಾತ್ರೆ ಏನಾದ್ರೂ ನುಂಗ್ತೀರಾ?” ಎಂದು ಡಾಕ್ಟರು ಎರಡು ಸಲ ಕೇಳಿದರು. ಎರಡು ಸಲವೂ ಇಲ್ಲ ಎಂದೆ. ಇದೆ. ಮಂಡಿನೋವಿಗೆ ದಿನಕ್ಕೆರಡು, ಐದು ತಿಂಗಳಿಂದ, ಕನ್ನಡಕದ ಡಬ್ಬಿಯಲ್ಲಿ. ಕರುಳಿನ ಸಂದು ಬಿಡಿಸುವುದು ಇಂಥ ಮಾತ್ರೆಗಳೇ ಎಂದು ಆಸ್ಪತ್ರೆಯ ಗೋಡೆಯ ಮೇಲೇ ಬರೆದಿತ್ತು. ನಿನ್ನೆ ಓದಿದೆ. ಸೋಮವಾರಕ್ಕೆ ಮೊದಲು ನೀನೇ ಫೋನ್ ಮಾಡಿ ಅವರಿಗೆ ಹೇಳಿಬಿಡು ತಾಯಿ, ನನಗೆ ಬಾಯಿ ಬರುತ್ತಿಲ್ಲ. ಮಾತ್ರೆ ಹೇಗೆ ಸಿಕ್ಕಿತು ಅಂತ ಮಾತ್ರ ಅಮ್ಮನೆದುರು ಕೇಳಬೇಡ. ಔಷಧಿ ಅಂಗಡಿಯಲ್ಲಿ ನಾನು ತೋರಿಸುವುದು ಅವಳ ಹಳೇ ಚೀಟಿ.